ಏಳು ನಿಮಿಷದಲ್ಲಿ ‘ಕಾಂಟೊ ಒಸ್ಟಿನಾಟೊ’ ನುಡಿಸಿದರೆ ಮೋಸ ಆಗುತ್ತಾ?

ಎಡಗೈ_ಭಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ವೀಣೆ, ಕೊಳಲು, ಹಾರ್ಮೋನಿಯಂ ಪ್ರಶ್ನೆಗಳೇ ಜಾಸ್ತಿ. ನನ್ನದು ಪಿಯಾನೊ. ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.

ನಾನಿರುವುದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ. ವಯಸ್ಸು 41. ಪಿಯಾನೊ ಕಲಿಯಲು ಕೂತು ನಾಲ್ಕು ವರ್ಷ ಆಯಿತು, ಅದರಲ್ಲಿ ಒಂದು ವರ್ಷ ಬರೀ ಕ್ಲಾಸ್ ತಪ್ಪಿಸಿದ್ದು.

ಇಲ್ಲಿನ ರೈಲು ನಿಲ್ದಾಣಗಳಲ್ಲಿ ಯಾರು ಬೇಕಾದರೂ ನುಡಿಸಲಿ ಅಂತ ಪಿಯಾನೊ ಇಟ್ಟಿರುತ್ತಾರೆ. ಎರಡು ವರ್ಷದ ಹಿಂದೆ ಉಟ್ರೆಕ್ಟ್ ಸೆಂಟ್ರಾಲ್‌ನಲ್ಲಿ ಒಬ್ಬ ಹುಡುಗ, ಬೆನ್ನಿನ ಚೀಲವನ್ನೂ ಇಳಿಸದೆ, ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದ. ಪಾಪ, ಮುಂದಿನ ಸಾಲು ಮರೆತುಹೋಗಿದೆ ಅಂದುಕೊಂಡೆ. ಒಂದೆರಡು ನಿಮಿಷ ನಿಂತೆ. ಆಮೇಲೆ ನೋಡಿದರೆ ಸಾಲು ಅದೇ ಅಲ್ಲ! ಯಾವುದೋ ಒಂದು ಸ್ವರ ಯಾವಾಗಲೋ ಬದಲಾಗಿದೆ, ನನಗೆ ಗೊತ್ತೇ ಆಗಿಲ್ಲ. ರೈಲು ಹೋಯಿತು. ಅದರ ಮುಂದಿನದೂ ಹೋಯಿತು. ಕೊನೆಗೆ ಅವನನ್ನೇ ಕೇಳಿದೆ. ‘ಕಾಂಟೊ’ ಅಂದ, ಇಷ್ಟೂ ಗೊತ್ತಿಲ್ವಾ ಅನ್ನುವ ಮುಖದಲ್ಲಿ.

ಸಿಮೆಯೋನ್ ಟೆನ್ ಹೋಲ್ಟ್ ಅನ್ನುವ ಡಚ್ ಸಂಗೀತಗಾರ ಬರೆದ ‘ಕಾಂಟೊ ಒಸ್ಟಿನಾಟೊ’ ಅದು. ಹೆಸರು ಇಟಾಲಿಯನ್. ಹಟಮಾರಿ ಹಾಡು ಅನ್ನಬಹುದೇನೋ. ಹೆಸರಿಗೆ ತಕ್ಕ ಹಾಗೆಯೇ ಇದೆ. ಒಟ್ಟು 106 ತುಣುಕುಗಳು. ಹೆಚ್ಚಿನವನ್ನು ಎಷ್ಟು ಸಲ ಬೇಕಾದರೂ ತಿರುಗಿಸಿ ನುಡಿಸಬಹುದು, ಲೆಕ್ಕ ನುಡಿಸುವವರಿಗೇ ಬಿಟ್ಟಿದ್ದು. ಹಾಗಾಗಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಉದ್ದ. ಒಂದು ಗಂಟೆ ಅಂತೂ ಮಾಮೂಲು, ಅದನ್ನು ದಾಟಿ ಎಷ್ಟೋ ಹೊತ್ತು ಹೋಗುವವರೂ ಇದ್ದಾರೆ.

ಈಗ ನನ್ನ ಕಷ್ಟ. ನಮ್ಮ ಟೀಚರ್ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಂಜೆ ಇಟ್ಟುಕೊಳ್ಳುತ್ತಾರೆ. ತಲೆಗೆ ಏಳು ನಿಮಿಷ. ನಾನು ಬಾಯಿ ತಪ್ಪಿ ‘ಕಾಂಟೊ ನುಡಿಸುತ್ತೇನೆ’ ಅಂದುಬಿಟ್ಟೆ. ಅವರು ಬೇಡ ಅನ್ನಲಿಲ್ಲ. ‘ಯಾವ ಏಳು ನಿಮಿಷ ಅಂತ ನೀನೇ ನೋಡಿಕೋ’ ಅಂದರು. ಡಚ್ಚರ ಬಾಯಲ್ಲಿ ಇದು ಪ್ರೋತ್ಸಾಹವೋ ಎಚ್ಚರಿಕೆಯೋ, ಇಷ್ಟು ವರ್ಷವಾದರೂ ನನಗೆ ತಿಳಿಯುವುದಿಲ್ಲ.

ಮೂರು ಪ್ರಶ್ನೆ. ಇದನ್ನು ಏಳು ನಿಮಿಷಕ್ಕೆ ಇಳಿಸುವುದು ಸರಿಯಾ? ನಾಲ್ಕು ಪಿಯಾನೊ ಇಟ್ಟು ನುಡಿಸುವುದನ್ನು ಒಬ್ಬಳೇ ನುಡಿಸಿದರೆ ಏನು ಉಳಿಯುತ್ತೆ? ಮೂರನೆಯದು ಪ್ರಶ್ನೆಗಿಂತ ದೂರು. ಇದರ ಲಯ ಐದೈದರಲ್ಲಿ ಓಡುತ್ತೆ. ನಾನು ಐದನೆಯದಕ್ಕೆ ಬರುವಷ್ಟರಲ್ಲಿ ಎಡಗೈ ಆಗಲೇ ಮುಂದಿನ ಒಂದಕ್ಕೆ ಹಾರಿರುತ್ತೆ. ಹತ್ತು ನಿಮಿಷ ಆದರೆ ಮೊಣಕೈವರೆಗೂ ನೋವು. ಇಲ್ಲಿನ ನನ್ನ ಹೆಸರು ನೋಡಿದರೇ ಗೊತ್ತಾಗುತ್ತಲ್ವಾ.

ಕಪ್ಪುಬಿಳಿ88

ಪಿಯಾನೊ ಕಲಿಸುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಲೆಕ್ಕ. ಒಂದು ಗಂಟೆ ನುಡಿಸಿದರೆ 106 ತುಣುಕಿಗೆ ತಲಾ ಸುಮಾರು 34 ಸೆಕೆಂಡು ಬಂತು. ಅಷ್ಟನ್ನೂ ಏಳು ನಿಮಿಷದಲ್ಲಿ ಮುಗಿಸುತ್ತೇನೆ ಅಂದರೆ ತಲಾ ನಾಲ್ಕೇ ಸೆಕೆಂಡು. ಒಂದು ಸಲ ಕಿವಿಗೆ ಬೀಳುವಷ್ಟರಲ್ಲಿ ಮುಂದಿನದು ಬಂದಿರುತ್ತೆ. ನೀವು ನಿಲ್ದಾಣದಲ್ಲಿ ‘ಇದು ಅದೇ ಅಲ್ಲ’ ಅಂತ ಬೆಚ್ಚಿದಿರಲ್ಲ, ಆ ಬೆಚ್ಚುವಿಕೆಗೆ ಜಾಗವೇ ಇರುವುದಿಲ್ಲ. ಕೇಳುವವರಿಗೆ ಮೊದಲು ಅಭ್ಯಾಸ ಆಗಬೇಕು, ಆಮೇಲೆ ತಾನೇ ಅಭ್ಯಾಸ ತಪ್ಪಿಸುವುದು. ಆದ್ದರಿಂದ ಪೂರ್ತಿಯನ್ನು ಹಿಂಡಿ ಚಿಕ್ಕದು ಮಾಡುವುದು ಬೇಡವೇ ಬೇಡ.

ಹಾಗಂತ ಮೋಸವೂ ಅಲ್ಲ. ಟೆನ್ ಹೋಲ್ಟ್ ಎಷ್ಟು ಸಲ ಅನ್ನುವುದನ್ನು ನಮಗೆ ಬಿಟ್ಟಿದ್ದಾರೆ. ಯಾವುದರ ಹಿಂದೆ ಯಾವುದು ಅನ್ನುವುದನ್ನು ಬಿಟ್ಟಿಲ್ಲ. ಜನ ಇವೆರಡನ್ನೂ ಒಂದೇ ಅಂದುಕೊಂಡು ಇಲ್ಲಿಂದೊಂದು, ಅಲ್ಲಿಂದೊಂದು ಹೆಕ್ಕಿ ಪೋಣಿಸುತ್ತಾರೆ. ನನಗೆ ಅದು ಸೇರುವುದಿಲ್ಲ. ಅಕ್ಕಪಕ್ಕದ ಹತ್ತು ಹನ್ನೆರಡು ತುಣುಕು ತೆಗೆದುಕೊಳ್ಳಿ. ಆ ಓಟ 74ರ ಒಳಗೆ ಹೋಗಿ ಸೇರಲಿ. ಎಲ್ಲರೂ ಗುನುಗುವ ರಾಗ ಪೂರ್ತಿ ಆಕಾರದಲ್ಲಿ ಬರುವುದು ಆ 74ರಲ್ಲೇ. ಅಲ್ಲಿಯವರೆಗೆ ಚೂರುಚೂರಾಗಿ ಇಣುಕುತ್ತಿರುತ್ತೆ. ನೇರವಾಗಿ 74ರಿಂದ ಶುರು ಮಾಡುವ ಆಸೆ ಬರುತ್ತೆ, ನನ್ನ ವಿದ್ಯಾರ್ಥಿಗಳೆಲ್ಲರಿಗೂ ಬರುತ್ತೆ. ಮಾಡಬೇಡಿ. ಕಾಯದೆ ಬಂದ ರಾಗ ಚಂದವೇ, ಆದರೆ ಬರೀ ಚಂದ. ಕಾರ್ಯಕ್ರಮದ ಹಾಳೆಯಲ್ಲಿ ‘ಕಾಂಟೊ ಒಸ್ಟಿನಾಟೊದಿಂದ’ ಅಂತ ಹಾಕಿಸಿ. ಆ ‘ದಿಂದ’ ಸಾಕು.

ಒಬ್ಬರೇ ನುಡಿಸುವ ವಿಷಯ. ಟೆನ್ ಹೋಲ್ಟ್ ಅವರಿಗೆ ನಾಲ್ಕು ಪಿಯಾನೊ ಇಷ್ಟ ಇತ್ತು ಅನ್ನುವುದು ನಿಜ. ಒಂದೇ ಪಿಯಾನೊದಲ್ಲಿ ಪೂರ್ತಿ ನುಡಿಸಿ ರೆಕಾರ್ಡ್ ಮಾಡಿದವರೂ ಇದ್ದಾರೆ, ಯೆರೂನ್ ಫಾನ್ ಫೇನ್, ಈವೊ ಯಾನ್ಸೆನ್. ಹಾರ್ಪ್‌ನಲ್ಲೂ ಚರ್ಚಿನ ಆರ್ಗನ್‌ನಲ್ಲೂ ನುಡಿಸಿದ್ದಾರೆ. ನಾಲ್ಕು ಜನ ಇದ್ದಾಗ ಒಬ್ಬರು ಕೈ ಇಳಿಸಿ ಬೆರಳು ಮಡಚಿ ಬಿಚ್ಚಿದರೂ ಹರಿವು ನಿಲ್ಲುವುದಿಲ್ಲ. ನಿಮಗೆ ಆ ಭಾಗ್ಯ ಇಲ್ಲ. ಆದರೆ ಒಂದು ಲಾಭ ಇದೆ. ನಾಲ್ಕು ಜನ ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಣ್ಣಲ್ಲಿ ಕಣ್ಣಿಟ್ಟು ಒಪ್ಪಿಕೊಳ್ಳಬೇಕು. ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನೋವಿನ ವಿಷಯಕ್ಕೆ ಬನ್ನಿ. ನೀವು ಪ್ರತಿ ಐದರ ಮೊದಲ ಸ್ವರಕ್ಕೂ ಗುದ್ದುತ್ತಿದ್ದೀರಿ ಅಂತ ನನ್ನ ಅನುಮಾನ. ಲಯ ತಪ್ಪುತ್ತೇನೋ ಅನ್ನುವ ಭಯಕ್ಕೆ ಎಲ್ಲರೂ ಹಾಗೆ ಮಾಡುತ್ತಾರೆ. ಒಂದು ಐದಕ್ಕೆ ಒಂದು ಸೆಕೆಂಡು ಅಂತ ಹಿಡಿದರೂ ನಿಮಿಷಕ್ಕೆ 60 ಗುದ್ದು, ಏಳು ನಿಮಿಷಕ್ಕೆ 420. ಯಾವ ಕೈ ತಡೆದೀತು? ಒಂದು ದಿನ ಎಡಗೈ ಮಾತ್ರ, ಆದಷ್ಟು ಮೆಲ್ಲಗೆ ನುಡಿಸಿ. ಬೆರಳು ಕೀ ಬಿಟ್ಟು ಮೇಲೆ ಏಳಬಾರದು. ಕೀ ಮೇಲಕ್ಕೆ ಬರುವಾಗ ಅದರ ಜೊತೆಯಲ್ಲೇ ಬೆರಳೂ ಬರಲಿ. ಮಣಿಕಟ್ಟು ಒಂದು ಐದಕ್ಕೆ ಒಂದು ಸಣ್ಣ ಸುತ್ತು ಹೊಡೆಯಲಿ, ರಾಗಿ ಬೀಸುವ ಹಾಗೆ. ಪೆಡಲ್ ಅನ್ನು ಮಂದ್ರದ ಸ್ವರ ಬದಲಾದಾಗ ಎತ್ತಿ ಹಾಕಿ, ಪ್ರತಿ ಐದಕ್ಕೂ ಅಲ್ಲ. ಐದು ಫ್ಲ್ಯಾಟ್, ಅಂದರೆ ಅರ್ಧ ಮೆಟ್ಟಿಲು ಇಳಿಸಿದ ಸ್ವರ, ಇರುವ ಸ್ವರಶ್ರೇಣಿ ಅದು, ಕಪ್ಪು ಕೀ ಐದೂ ಸೇರುತ್ತವೆ. ಬೆರಳನ್ನು ಒಳಗೆ, ಮುಚ್ಚಳದ ಕಡೆಗೆ ಸರಿಸಿಟ್ಟುಕೊಂಡರೆ ಕೈ ಹಿಂದೆ ಮುಂದೆ ಓಡಾಡುವುದು ತಪ್ಪುತ್ತೆ.

ಇಷ್ಟಾದ ಮೇಲೂ ನೋವಿದ್ದರೆ ನಿಲ್ಲಿಸಿ. ಹಟ ಹಾಡಿಗಿರಲಿ, ನಿಮಗೆ ಬೇಡ.

ತಕತಕಿಟ

ನಾನು ಮೃದಂಗದವನು, ಪಿಯಾನೊ ಮುಟ್ಟಿಲ್ಲ. ಆದರೆ ಐದು ಅಂದಾಗ ಸುಮ್ನೆ ಕೂರಲು ಆಗಲಿಲ್ಲ ಅಕ್ಕಾ.

ಈಗಷ್ಟೇ ಅರ್ಧ ಗಂಟೆ ಕೇಳಿದೆ. ಇದು ಖಂಡ ನಡೆ, ಅಂದರೆ ಐದರ ನಡೆ, ಅಷ್ಟೇ. ನೀವು ನಾಲ್ಕು ಎಣಿಸಿ ಕೊನೆಗೆ ಒಂದನ್ನು ಅಂಟಿಸುತ್ತಿದ್ದೀರಿ, ಅದಕ್ಕೇ ಐದನೆಯದು ಅನಾಥ ಆಗಿ ಎಡಗೈ ಅದನ್ನು ನುಂಗುತ್ತಿದೆ. ಒಂದು ಎರಡು ಮೂರು ಅಂತ ಎಣಿಸುವುದನ್ನೇ ಬಿಡಿ. ಬಾಯಲ್ಲಿ ‘ತಕ ತಕಿಟ’ ಹೇಳಿ. ಆಮೇಲೆ ತಿರುಗಿಸಿ ‘ತಕಿಟ ತಕ’ ಹೇಳಿ. ನೀವು ನುಡಿಸುತ್ತಿರುವ ತುಣುಕಿನಲ್ಲಿ ಮಂದ್ರ ಎಲ್ಲಿ ಬೀಳುತ್ತೆ ನೋಡಿ, ಯಾವುದು ಅದಕ್ಕೆ ಹೊಂದುತ್ತೋ ಅದನ್ನು ಇಟ್ಟುಕೊಳ್ಳಿ. ಎರಡೂ ಮೂರೂ ಸೇರಿ ಐದು ಅಂತ ಒಮ್ಮೆ ನಾಲಿಗೆಗೆ ಗೊತ್ತಾದರೆ ಕೈ ತಾನಾಗಿ ಬರುತ್ತೆ. ನಮ್ಮ ಗುರುಗಳು ನಾಲಿಗೆ ತಪ್ಪಿದರೆ ಮೃದಂಗ ಮುಟ್ಟಲೇ ಬಿಡುತ್ತಿರಲಿಲ್ಲ.

ಇನ್ನೊಂದು. ಇದು 10/16 ಅಂತ ಬರೆದಿದ್ದಾರೆ, ಅಂದರೆ ಎರಡು ಐದು ಸೇರಿದರೆ ಒಂದು ಸುತ್ತು. ನಡೆಯುತ್ತಾ ಹೇಳಿ. ಬಲಗಾಲಿಗೆ ಒಂದು ತಕತಕಿಟ, ಎಡಗಾಲಿಗೆ ಒಂದು. ಎರಡು ಹೆಜ್ಜೆಗೆ ಒಂದು ಸುತ್ತು ಮುಗಿಯಿತು. ಕೂತು ಎಣಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಎಡಗೈ_ಭಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗುದ್ದುವ ವಿಷಯ ನೂರಕ್ಕೆ ನೂರು ನಿಜ. ನನ್ನದು ಡಿಜಿಟಲ್ ಪಿಯಾನೊ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತೇನೆ. ಸದ್ದು ಯಾರಿಗೂ ಕೇಳುವುದಿಲ್ಲ ಅಂದುಕೊಂಡಿದ್ದೆ. ಮೊನ್ನೆ ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, ರಾತ್ರಿ ಹೊತ್ತು ಏನಾದರೂ ಕುಟ್ಟುತ್ತೀರಾ ಅಂತ ಮೆತ್ತಗೆ ಕೇಳಿದರು. ಸಂಗೀತ ಇಲ್ಲ, ಬರೀ ಕೀ ಬಡಿಯುವ ಸದ್ದು ಅವರ ಮನೆಯ ಸೂರಿಗೆ ಇಳಿದಿದೆ. ಈಗ ಅಡಿಯಲ್ಲಿ ದಪ್ಪ ರಬ್ಬರ್ ಚಾಪೆ ಹಾಕಿದ್ದೇನೆ.

@ತಕತಕಿಟ, ನಡೆದು ನೋಡಿದೆ. ಔಡೆಗ್ರಾಕ್ಟ್ ಕಾಲುವೆ ಉದ್ದಕ್ಕೂ, ನೀರಿನ ಮಟ್ಟದ ಕಟ್ಟೆಯ ಮೇಲೆ. ಮೇಲಿನ ರಸ್ತೆಯಲ್ಲಿ ಸೈಕಲ್‌ಗಳು ಬೆಲ್ ಹೊಡೆದು ಲಯ ಕೆಡಿಸುತ್ತವೆ ಅಂತ ಕೆಳಗೆ ಇಳಿದಿದ್ದು. ಮೂರನೇ ಸೇತುವೆ ಅಡಿ ಹೋಗುವಷ್ಟರಲ್ಲಿ ಕೂತುಬಿಟ್ಟಿತು! ಸೇತುವೆ ಕಮಾನಿನ ಕೆಳಗೆ ‘ತಕ ತಕಿಟ’ ಜೋರಾಗಿಯೇ ಹೇಳಿದೆ ಅನಿಸುತ್ತೆ, ಕಾಫಿ ಕುಡಿಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ನಾಲ್ಕು ವರ್ಷ ಕಲಿತು, ಕೊನೆಗೆ ಐದು ಎಣಿಸಲು ಬಂದಿದ್ದು ತಕತಕಿಟದಿಂದ.

ಸುಮ್ನೆ_ಕೇಳುಗ

ನೀವೆಲ್ಲ ಬೈದರೂ ಪರವಾಗಿಲ್ಲ, ನನಗೆ ಇದು ಹಿಡಿಸಲಿಲ್ಲ. ಇಲ್ಲಿ ಇದನ್ನು ಮಲಗಿಕೊಂಡು ಕೇಳುವ ಕಛೇರಿ ಮಾಡುತ್ತಾರೆ, ಗೊತ್ತಾ? ಮಧ್ಯೆ ಪಿಯಾನೊ, ಸುತ್ತ ಜನ ಚಾಪೆ, ದಿಂಬು ಹಾಕಿಕೊಂಡು ಅಂಗಾತ. ಹೆಂಡತಿ ಟಿಕೆಟ್ ತೆಗೆದಿದ್ದಳು ಅಂತ ಹೋದೆ. ಹತ್ತು ನಿಮಿಷ ಚೆನ್ನಾಗಿತ್ತು. ಇಪ್ಪತ್ತಕ್ಕೆ ಫ್ಯಾನ್ ಸದ್ದಿನ ಹಾಗೆ ಅನಿಸಿತು. ಪಕ್ಕದವನು ಗೊರಕೆ ಹೊಡೆಯಲು ಶುರು ಮಾಡಿದ. ಆಮೇಲೆ ನನಗೂ ನೆನಪಿಲ್ಲ. ಎಚ್ಚರ ಆದಾಗ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇತ್ತು.

ಒಂದು ಮಾತ್ರ ಒಪ್ಪುತ್ತೇನೆ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಅದೇ ಗುನುಗುತ್ತಿದ್ದೆ. ಹೆಂಡತಿ ನೋಡಿ ನಕ್ಕಳು. ಏಳು ನಿಮಿಷ ಅಂದರೆ ನನ್ನಂಥವನಿಗೆ ಸರಿಯಾದ ಅಳತೆ, ಧಾರಾಳವಾಗಿ ನುಡಿಸಿ.

ಕಡಲದಿಬ್ಬ

ಗೊರಕೆ ಸರ್, ನಿಮ್ಮ ಹಾಗೆ ಮಲಗಿದವರು ಬಹಳ ಜನ. ಇದರ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ, ಆಮೇಲೆ ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ.

ಟೆನ್ ಹೋಲ್ಟ್ ಹುಟ್ಟಿದ್ದು 1923ರಲ್ಲಿ ಬೆರ್ಗೆನ್‌ನಲ್ಲಿ. ನಾರ್ವೆಯದಲ್ಲ, ಆಲ್ಕ್‌ಮಾರ್ ಪಕ್ಕದ, ಮರಳುದಿಬ್ಬಗಳ ಹತ್ತಿರದ ಬೆರ್ಗೆನ್. ಚಿತ್ರಕಾರರು ಬಂದು ನೆಲೆಸಿದ ಊರು, ಅವರ ತಂದೆಯೂ ಚಿತ್ರಕಾರರೇ. ಕಾಂಟೊ ಬರೆದದ್ದು 1976ರಿಂದ 1979ರವರೆಗೆ. ಮೊದಲ ಸಲ ನುಡಿಸಿದ್ದೂ ಅದೇ ಊರಿನ ರುಯೀನೆಕೆರ್ಕ್‌ನಲ್ಲಿ, 1979ರಲ್ಲಿ. ಆ ದಿನ ನಾಲ್ಕು ಪಿಯಾನೊ ಇರಲಿಲ್ಲ, ಮೂರು ಪಿಯಾನೊ ಮತ್ತು ಒಂದು ಎಲೆಕ್ಟ್ರಿಕ್ ಆರ್ಗನ್. ನಾಲ್ಕು ಪಿಯಾನೊ ಇಲ್ಲದಿದ್ದರೆ ಹೇಗೆ ಅಂತ ಚಿಂತೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಆ ಚರ್ಚನ್ನೇ ಒಮ್ಮೆ ನೋಡಬೇಕು. ಹೆಸರೇ ಹಾಳುಚರ್ಚು ಅಂತ. 1574ರಲ್ಲಿ, ಸ್ಪೇನಿನ ಜೊತೆ ಯುದ್ಧ ನಡೆಯುತ್ತಿದ್ದಾಗ ಸುಟ್ಟುಹೋಯಿತು. ಆಮೇಲೆ ಒಂದು ಭಾಗಕ್ಕೆ ಮಾತ್ರ ಸೂರು ಹಾಕಿ ಬಳಸಿಕೊಂಡರು. ಉಳಿದ ಗೋಡೆಗಳು ಇವತ್ತಿಗೂ ಬಯಲಲ್ಲಿ ನಿಂತಿವೆ, ಕಿಟಕಿಯ ಕಮಾನಿನಲ್ಲಿ ಗಾಜಿಲ್ಲ, ಆಕಾಶ ಇದೆ. ನಾನು ಹೋದಾಗ ಒಳಗೆ ಯಾರೂ ಇರಲಿಲ್ಲ, ಹೊರಗೆ ಗಾಳಿ ಸದ್ದು. ಎಷ್ಟು ಸುತ್ತು ಹೊಡೆದೆನೋ ಲೆಕ್ಕ ಇಲ್ಲ.

ಇನ್ನೊಂದು ಸಂಗತಿ ಜನಕ್ಕೆ ಗೊತ್ತಿರುವುದಿಲ್ಲ. ಇಷ್ಟು ಸಿಹಿಯಾಗಿ ಬರೆದ ಮನುಷ್ಯ ಅದಕ್ಕೂ ಮೊದಲು ಎಷ್ಟೋ ವರ್ಷ ರಾಗದ ಗಂಧವೇ ಇಲ್ಲದ, ಲೆಕ್ಕಾಚಾರದ ಸಂಗೀತ ಬರೆದವರು. ಎಲೆಕ್ಟ್ರಾನಿಕ್ ಸಂಗೀತವನ್ನೂ ಮಾಡಿದವರು. ಐವತ್ತು ದಾಟಿದ ಮೇಲೆ ಪಿಯಾನೊ ಮುಂದೆ ಕೂತು ಮತ್ತೆ ರಾಗಕ್ಕೆ ಬಂದರು. 2012ರಲ್ಲಿ ತೀರಿಕೊಂಡರು.

ಈಗ ಸಲಹೆ. ನಿಜವಾಗಿಯೂ ಚಿಕ್ಕದು, ಒಬ್ಬರೇ ನುಡಿಸುವುದು, ಡಚ್ಚರದೇ ಬೇಕು ಅಂದರೆ ಟೆನ್ ಹೋಲ್ಟ್ ಅವರ ಗುರುವಿನ ಕಡೆ ಹೋಗಿ. ಯಾಕೋಬ್ ಫಾನ್ ಡೊಮ್ಸೆಲಾರ್. ಇವರು 1912ರಲ್ಲಿ ಪ್ಯಾರಿಸ್‌ನಲ್ಲಿ ಚಿತ್ರಕಾರ ಮೋಂಡ್ರಿಯಾನ್ ಅವರನ್ನು ಕಂಡರು. ಆ ಅಡ್ಡಗೆರೆ, ಉದ್ದಗೆರೆಗಳ ವಿಚಾರ ತಲೆಗೆ ಹೊಕ್ಕು 1913ರಿಂದ 1916ರವರೆಗೆ ಪಿಯಾನೊಗೆ ‘ಪ್ರೂಫೆನ್ ಫಾನ್ ಸ್ಟೈಲ್‌ಕುನ್ಸ್ಟ್’ ಅನ್ನುವ ಪುಟ್ಟ ರಚನೆಗಳನ್ನು ಬರೆದರು. ನಿಂತ ಹಾಗೆ ಹೋಗುವ ಸಂಗೀತ. ಒಂದು ಸ್ವರಗುಚ್ಛ ಇಟ್ಟು, ಅದರ ಪಕ್ಕ ಇನ್ನೊಂದು ಇಟ್ಟು, ಸುಮ್ಮನಾಗುತ್ತಾರೆ. ಬೆರಳಿಗೆ ಕಷ್ಟ ಇಲ್ಲ, ತಾಳ್ಮೆಗೆ ಕಷ್ಟ. ತಮಾಷೆ ಏನು ಗೊತ್ತಾ, ಮೋಂಡ್ರಿಯಾನ್‌ಗೆ ಮುಂದೆ ಹುಚ್ಚು ಹಿಡಿಸಿದ್ದು ಜಾಝ್. ನ್ಯೂಯಾರ್ಕ್‌ಗೆ ಹೋಗಿ ‘ಬ್ರಾಡ್‌ವೇ ಬೂಗಿ ವೂಗಿ’ ಅನ್ನುವ ಚಿತ್ರ ಬರೆದರು. ಗೆಳೆಯ ಇಲ್ಲಿ ಅವರ ಗೆರೆ ನೋಡಿ ಅಲುಗದ ಸಂಗೀತ ಕಟ್ಟಿದರೆ, ಅವರು ಅಲ್ಲಿ ಕಾಲು ಕುಣಿಸುತ್ತಿದ್ದರು.

ಆದರೆ ನೀವು ರೈಲು ಬಿಟ್ಟು ನಿಂತಿದ್ದು ಕಾಂಟೊಗೆ. ಅದನ್ನೇ ನುಡಿಸಿ.

ಎಡಗೈ_ಭಾರ

ಮುಗಿಯಿತು! ನಿನ್ನೆ ಸಂಜೆ. ಕೇಳಿದವರಿಗೆಲ್ಲ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

@ಕಪ್ಪುಬಿಳಿ88 ಹೇಳಿದ ಹಾಗೆ 74ಕ್ಕೆ ಮುಂಚಿನ ಹತ್ತು ತುಣುಕು ಹಿಡಿದು ಅಲ್ಲಿಗೆ ಸೇರುವುದು ಅಂತ ಇಟ್ಟುಕೊಂಡೆ. ಎರಡು ಹಾಳೆ, ಒಂದು ಸಲ ತಿರುಗಿಸಬೇಕು. ಎರಡೂ ಕೈಗೆ ಬಿಡುವಿಲ್ಲದ ಕಾರಣ ಇನ್ನೊಬ್ಬ ವಿದ್ಯಾರ್ಥಿ, ಹನ್ನೆರಡು ವರ್ಷದ ಹುಡುಗ, ಪಕ್ಕದಲ್ಲಿ ನಿಂತ. ಯಾವಾಗ ತಿರುಗಿಸಬೇಕು ಅಂತ ಅವನು ಕೇಳಿದ. ಆಗಲೇ ಹೊಳೆದಿದ್ದು, ಅದು ನನಗೇ ಗೊತ್ತಿಲ್ಲ! ಒಂದೊಂದು ತುಣುಕನ್ನು ಎಷ್ಟು ಸಲ ತಿರುಗಿಸಿ ನುಡಿಸುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿದರೆ ಈ ಸಂಗೀತದ ಮಜಾ ಏನು ಉಳಿಯಿತು? ‘ನಾನು ತಲೆ ಆಡಿಸುತ್ತೇನೆ, ಆಗ ತಿರುಗಿಸು’ ಅಂದೆ.

ತಪ್ಪು ಅಲ್ಲೇ ಆಯಿತು. ನಾನು ಲಯ ಹಿಡಿದರೆ ತಲೆ ಆಡುತ್ತೆ. ಚಿಕ್ಕಂದಿನಲ್ಲಿ ಕಛೇರಿ ಕೇಳಿ ಬೆಳೆದ ಕತ್ತು, ಅದಕ್ಕೆ ಪಿಯಾನೊ ಅಂತ ಗೊತ್ತಿಲ್ಲ. ಮೂರನೇ ತುಣುಕು ಹದಕ್ಕೆ ಬಂತು. ಕೈ ಹಗುರಾಯಿತು. ಮನಸ್ಸಿನಲ್ಲಿ ತಕ ತಕಿಟ, ತಕ ತಕಿಟ. ತಲೆ ಚೆನ್ನಾಗಿಯೇ ಆಡಿರಬೇಕು. ಹುಡುಗ ಸರಕ್ಕನೆ ಬಾಗಿ ಹಾಳೆ ತಿರುಗಿಸಿಬಿಟ್ಟ.

ನನ್ನ ಮುಂದೆ ಈಗ ಇನ್ನೂ ಬಾರದ ಎರಡನೇ ಹಾಳೆ. ಬೇರೆ ಯಾವುದೇ ರಚನೆ ಆಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ನಾನು ಸುಮ್ನೆ ಅದೇ ಮೂರನೇ ತುಣುಕನ್ನೇ ಹಿಡಿದೆ. ಬಲಗೈ ಬಿಟ್ಟೆ, ಎಡಗೈ ಮಾತ್ರ ತಿರುಗುತ್ತಿತ್ತು, ಆದಷ್ಟು ಮೆಲ್ಲಗೆ. ಬಲಗೈಯಲ್ಲಿ ಹಾಳೆ ವಾಪಸ್ ತಿರುಗಿಸಿದೆ. ಮೂಲೆ ಸಿಗಲಿಲ್ಲ, ಎರಡು ಸಲ ಜಾರಿತು. ಒಂದು ನಿಮಿಷವೇ ಆಯಿತೇನೋ. ಹುಡುಗನ ಕಿವಿ ಕೆಂಪಾಗಿತ್ತು. ಮತ್ತೆ ಬಲಗೈ ಸೇರಿಸಿದಾಗ ಮೊದಲ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.

ಆಮೇಲೆ ಕತ್ತು ಗಟ್ಟಿಯಾಗಿ ಹಿಡಿದು ನುಡಿಸಿದೆ. 74 ಬಂತು. ಎಡಗೈ ನೋಯಲಿಲ್ಲ, ಕತ್ತು ನೋಯುತ್ತಿದೆ.

ಕೊನೆಗೆ ಕಾಫಿ ಕುಡಿಯುವಾಗ ಟೀಚರ್ ಬಂದರು. ಎಡಗೈ ಮಾತ್ರ ಉಳಿಸಿಕೊಂಡು ಅಷ್ಟು ಹೊತ್ತು ಕಾಯಿಸಿದ್ದು ಚೆನ್ನಾಗಿತ್ತು, ಅದನ್ನು ಹೇಗೆ ಯೋಚಿಸಿದೆ ಅಂತ ಕೇಳಿದರು. ಹುಡುಗ ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ‘ನಾವಿಬ್ಬರೂ ಸೇರಿ ಯೋಚಿಸಿದ್ದು’ ಅಂದೆ.

ಒಟ್ಟು ಒಂಬತ್ತು ನಿಮಿಷ ಆಯಿತಂತೆ.